ಕಾಮಣ್ಣನ ಪಾಲಿಗೆ ಹೋದ ಬೋರ್ಡು

ಇದೊಂದನ್ನು ಬಿಟ್ಟು ನನ್ನ ಬಾಲ್ಯದ ಉಳಿದದ್ದನ್ನೆಲ್ಲ ಬರೆದು ಮುಗಿಸಿದ್ದೆ. ಅಜ್ಜ ಸತ್ತದ್ದು, ಎತ್ತು ಕಳೆದದ್ದು, ಹಳ್ಳದಲ್ಲಿ ಈಜು ಕಲಿತದ್ದು ಎಲ್ಲ ಸರಾಗ ಬಂದವು. ಇದಕ್ಕೆ ಕೂತಾಗಲೆಲ್ಲ ಒಂದು ನೆವ ಸಿಗುತ್ತಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆದರಾಯಿತು ಅಂದೆ, ತೆಗೆಸಿಕೊಂಡೆ. ಅವ್ವ ಇರುವ ತನಕ ಬೇಡ ಅಂದೆ, ಅವ್ವನೂ ಹೋದಳು. ಹೋದ ತಿಂಗಳು ನಮ್ಮೂರ ಹೈಸ್ಕೂಲಿನ ಹಳೆಯ ಹುಡುಗರೆಲ್ಲ ಒಂದು ಕಡೆ ಸೇರಿದ್ದೆವು. ಹುಡುಗರು ಅಂದರೆ ಮೊಣಕಾಲು ಹಿಡಿದುಕೊಂಡು ಏಳುವವರು, ಚಹಾದಲ್ಲಿ ಸಕ್ಕರೆ ಬೇಡ ಅನ್ನುವವರು. ಒಬ್ಬೊಬ್ಬನೂ ಮೈಕು ಹಿಡಿದು ನಾವು ಎಂಥ ಉಡಾಳರಿದ್ದೆವು ಎಂದು ಹೇಳಿ ನಗಿಸಿದ. ಗಣಿತ ಕಲಿಸಲು ಬಂದಿದ್ದ ಅಕ್ಕೋರನ್ನು ಹೇಗೆ ಊರು ಬಿಡಿಸಿದೆವು ಎಂದು ಒಬ್ಬ ದನಿ ತೆಗೆದು, ಕೈ ಆಡಿಸಿ ತೋರಿಸಿದ. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನನಗೆ ನನ್ನ ಬಾಯಿಯ ಮೇಲೆಯೇ ಸಿಟ್ಟು ಬಂತು. ಒಬ್ಬ ಹೆಣ್ಣುಮಗಳ ಕೆಲಸ ಕಿತ್ತುಕೊಂಡದ್ದನ್ನು ನಲವತ್ತು ವರ್ಷ ಚಾಷ್ಟಿ, ತಮಾಷೆ ಎಂದು ಹೇಳಿಕೊಂಡು ತಿರುಗುತ್ತೇವಲ್ಲ, ನಮ್ಮನ್ನು ಏನೆನ್ನಬೇಕು? ಇನ್ನು ನೆವ ಉಳಿದಿಲ್ಲ.

ನಮ್ಮ ಊರು ಮೊರಬದ ಸಮೀಪ, ಎರೆ ಹೊಲಗಳ ನಡುವೆ. ಎಂಬತ್ತರ ದಶಕದ ನಡುವಿನ ಮಾತಿದು. ಊರಿಗೊಂದು ಹೈಸ್ಕೂಲು ಬೇಕೆಂದು ಹಿರಿಯರು ಕಮಿಟಿ ಮಾಡಿ ಹಳೆಯ ಹತ್ತಿ ಗೋದಾಮಿನಲ್ಲಿ ಶಾಲೆ ತೆರೆದಿದ್ದರು. ಮೇಲೆ ತಗಡು, ಎತ್ತರದಲ್ಲಿ ಎರಡು ಗವಾಕ್ಷಿ, ಮೂರು ವರ್ಗಗಳ ನಡುವೆ ಬಿದಿರಿನ ತಟ್ಟಿ. ಎಂಟನೆಯ ವರ್ಗದ ಪದ್ಯ ಹತ್ತನೆಯ ವರ್ಗಕ್ಕೆ ಕೇಳುತ್ತಿತ್ತು, ಹತ್ತನೆಯ ವರ್ಗದ ಗದ್ದಲ ಊರಿಗೇ ಕೇಳುತ್ತಿತ್ತು. ಬೋರ್ಡು ಎಂದರೆ ಗೋಡೆಗೆ ಬಳಿದ ಕಪ್ಪು ಬಣ್ಣ. ಅದೂ ಉದುರಿ ನಡುವೆ ಮಣ್ಣು ಕಾಣುತ್ತಿತ್ತು. ಹತ್ತನೆಯ ವರ್ಗದಲ್ಲಿ ಹುಡುಗರು ಅರವತ್ತರ ಮೇಲಿದ್ದೆವು. ಬೆಳಿಗ್ಗೆ ಕುಂಟೆ ಹೊಡೆದು ಬಂದವರು, ಮೀಸೆ ಬಂದವರು, ನನ್ನ ಹಾಗೆ ಎರಡು ಸಲ ನಪಾಸಾಗಿ ಕೂತವರು. ಹುಡುಗಿಯರು ಐದೇ ಜನ, ಬಾಗಿಲ ಬಳಿಯ ಒಂದೇ ಬೆಂಚಿನಲ್ಲಿ ಅಂಟಿಕೊಂಡು ಕೂಡುತ್ತಿದ್ದರು. ಅವರಲ್ಲಿ ನನ್ನ ತಂಗಿ ನೀಲಾ ಒಬ್ಬಳು. ಎರಡು ವರ್ಷಕ್ಕೆ ಚಿಕ್ಕವಳು ನನ್ನ ವರ್ಗಕ್ಕೇ ಬಂದು ಕೂತು ನನಗಿಂತ ಮೊದಲು ಲೆಕ್ಕ ಬಿಡಿಸುತ್ತಿದ್ದಳು. ಅಕ್ಕೋರಿಗಿಂತ ಮುಂಚೆ ನಾವು ಮೂವರು ಗಣಿತದ ಮಾಸ್ತರರನ್ನು ಓಡಿಸಿದ್ದೆವು. ಅದು ನಮಗೆ ಕುಸ್ತಿ ಗೆದ್ದಷ್ಟು ಹೆಮ್ಮೆ. ದೂರು ಹೋದರೆ ಕಮಿಟಿಯ ಹಿರಿಯರು ಮೀಸೆಯೊಳಗೇ ನಗುತ್ತಿದ್ದರು. ಹೋರಿ ಅಂದ ಮೇಲೆ ಹಾಯುತ್ತದೆ, ಹಿಡಿಯುವುದು ಮಾಸ್ತರನ ಕೆಲಸ ಎಂಬುದು ಅವರ ನ್ಯಾಯ. ಬೋರ್ಡಿಲ್ಲ, ಗೋಡೆಯಿಲ್ಲ, ಅರವತ್ತು ಹೋರಿಗಳ ನಡುವೆ ಒಬ್ಬರನ್ನು ನಿಲ್ಲಿಸಿ, ವರ್ಷದ ಕೊನೆಗೆ ಫಲಿತಾಂಶ ಎಲ್ಲಿ ಎಂದು ಕೇಳುತ್ತಿದ್ದರು. ನಾವಂತೂ ಹುಡುಗರು. ತಲೆಗೆ ಪಟಗ ಸುತ್ತಿದ ಆ ದೊಡ್ಡವರಿಗೆ ಏನಾಗಿತ್ತು?

ಅಕ್ಕೋರು ಬಂದದ್ದು ಅಂಕೋಲೆಯ ಕಡೆಯಿಂದ. ಇಪ್ಪತ್ತೈದು ಇಪ್ಪತ್ತಾರರ ಹೆಣ್ಣುಮಗಳು, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಅಪ್ಪ ಕಮಿಟಿಯ ಸೆಕ್ರೆಟರಿ. ಒಂಟಿ ಹೆಣ್ಣುಮಗಳಿಗೆ ಊರಲ್ಲಿ ಯಾರು ಮನೆ ಕೊಡುತ್ತಾರೆ ಎಂದು ನಮ್ಮಲ್ಲೇ ಇಳಿಸಿದ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ದನದ ಅಂಕಣ, ಎರಡು ಮೆಟ್ಟಿಲು ಮೇಲೆ ಪಡಸಾಲೆ, ಪಡಸಾಲೆಯ ಬಲಕ್ಕೆ ಒಂದು ಕೋಣೆ, ಹಿಂದೆ ಅಡಿಗೆಮನೆ, ಅದರಾಚೆ ಹಿತ್ತಲು. ಆ ಕೋಣೆ ಅಲ್ಲಿಯ ತನಕ ನನ್ನದಾಗಿತ್ತು. ಶೇಂಗಾ ಚೀಲಗಳ ನಡುವೆ ಒಂದು ಚಾಪೆಯ ಜಾಗ, ಅಷ್ಟೇ. ಅಕ್ಕೋರು ಬಂದ ದಿನ ಚೀಲ ಅಟ್ಟಕ್ಕೆ ಹೋದವು, ನಾನು ದನದ ಅಂಕಣಕ್ಕೆ ಹೋದೆ. ನನ್ನ ಸಿಟ್ಟು ಹುಟ್ಟಿದ್ದು ಅಲ್ಲಿ. ಇದನ್ನು ತಪ್ಪಿಗೆ ಕಾರಣವಾಗಿ ಹೇಳುತ್ತಿಲ್ಲ. ಊರಿನ ಅರ್ಧ ಹುಡುಗರು ದನದ ಜೊತೆಗೇ ಮಲಗುತ್ತಿದ್ದರು, ಅವರಿಗೇನೂ ಆಗಿರಲಿಲ್ಲ. ಅವ್ವನಿಗೆ ಮಾತ್ರ ಅಕ್ಕೋರೆಂದರೆ ಜೀವ. ಮೊದಲ ದಿನ ತಾಟಿನಲ್ಲಿ ಖಡಕ್ ಜೋಳದ ರೊಟ್ಟಿ, ಝುಣಕ ಇಟ್ಟಾಗ ಅಕ್ಕೋರು ಒಂದು ತುಣುಕು ಅಗಿಯುತ್ತ ಬಹಳ ಹೊತ್ತು ಕೂತಿದ್ದರು.

"ಏನ್ರಿ ಅಕ್ಕೋರ, ನಮ್ಮ ರೊಟ್ಟಿ ನಿಮ್ಮ ಹಲ್ಲಿನ ಕೂಡ ಜಗಳಾ ತಗದಾವೇನ್ರಿ?"

"ರೊಟ್ಟಿಯದು ಏನೂ ತಪ್ಪಿಲ್ಲ ಅವ್ವಾ. ನಮ್ಮ ಹಲ್ಲು ಗಂಜಿ ಕುಡಿದು ಕುಡಿದು ಸೋಮಾರಿಯಾಗಿವೆ."

ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಮರುದಿನದಿಂದ ಅವರಿಗೆಂದು ಎರಡು ಮೆತ್ತನ್ನ ರೊಟ್ಟಿ ಬೇರೆ ಬಡಿಯುತ್ತಿದ್ದಳು. ದೀಪಾವಳಿಯ ಮುಂಚೆ ಅಕ್ಕೋರ ತಾಯಿ ಊರಿನಿಂದ ಒಂದು ಗಂಟು ಕಳಿಸಿದರು. ಬಿಚ್ಚಿದರೆ ಒಣ ಮೀನು. ನಮ್ಮದು ಲಿಂಗವಂತರ ಮನೆ. ವಾಸನೆಗೇ ಅವ್ವ ಓಡಿ ಬಂದು ಕೋಣೆಯ ಬಾಗಿಲು ಮುಂದೆ ಮಾಡಿದಳು. ಅಕ್ಕೋರ ಮುಖ ಬಿಳಚಿಕೊಂಡಿತ್ತು. ಅಮ್ಮನಿಗೆ ಇಲ್ಲಿಯ ವಿಷಯ ಬರೆಯಬೇಕಿತ್ತು, ತಪ್ಪಾಯಿತು ಎಂದು ಕೈ ಹಿಡಿದುಕೊಂಡರು. ಅವ್ವ ಬೈಯಲಿಲ್ಲ. ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಗೋಡೆಯ ಮೇಲಿನಿಂದ ಬಾಜೂ ಮನೆಯ ಹುಸೇನಬಿಗೆ ದಾಟಿಸಿದಳು. ತಿರುಗಿದರೆ ನಾನು ನಿಂತಿದ್ದೆ.

"ನಿಮ್ಮ ಅಪ್ಪನ ಮುಂದ ಬಾಯಿ ಬಿಟ್ಟಿ ಅಂದ್ರ ನಾಲಿಗಿ ಕಿತ್ತೇನು ನೋಡು."

ಅಪ್ಪನ ಮುಂದೆ ಬಿಡಲಿಲ್ಲ. ವರ್ಗದಲ್ಲಿ ಬಿಟ್ಟೆ. ಅಂದಿನಿಂದ ಅವರು ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಸಾಲಿನಿಂದ "ಮೀನಕ್ಕಾ" ಎಂದು ಒಂದು ದನಿ ಬರುತ್ತಿತ್ತು. ಅವರು ಆ ದನಿ ಯಾರದೆಂದು ಹುಡುಕಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ. ನಮ್ಮ ಮನೆಯ ಗೋಡೆ ದಾಟಿ ಹೋಗಿದ್ದನ್ನು ಶಾಲೆಗೆ ತಂದವನು ಯಾರು ಎಂದು ತಿಳಿಯಲು ಗಣಿತ ಬೇಕಿರಲಿಲ್ಲ.

ಆದರೆ ಅವರನ್ನು ನಿಜವಾಗಿ ದಣಿಸಿದ್ದು ನಮ್ಮ ಗುಂಯ್. ಬಾಯಿ ಮುಚ್ಚಿಕೊಂಡು ಮೂಗಿನಿಂದ ಅರವತ್ತು ಜನ ಒಟ್ಟಿಗೆ ದನಿ ತೆಗೆಯುವುದು. ತುಟಿ ಅಲುಗುವುದಿಲ್ಲ, ಕಣ್ಣು ಪುಸ್ತಕದ ಮೇಲೆ. ಜೇನುಹುಟ್ಟು ತಗಡಿನಡಿ ಸಿಕ್ಕಿಕೊಂಡ ಹಾಗೆ ಗೋದಾಮು ತುಂಬಿಕೊಳ್ಳುತ್ತಿತ್ತು. ಅವರು ಈ ಸಾಲಿಗೆ ಬಂದರೆ ಈ ಸಾಲು ನಿಲ್ಲಿಸುತ್ತಿತ್ತು, ಆ ಸಾಲು ಮುಂದುವರಿಸುತ್ತಿತ್ತು. ಇದನ್ನು ಕಲಿಸಿದವನು ಈರಣ್ಣ, ಕಮಿಟಿಯ ಅಧ್ಯಕ್ಷರಾದ ಗೌಡರ ಮಗ. ಅಕ್ಕೋರು ಗುಂಯ್ ಅನ್ನು ಮೀರಿಸಿ ಪಾಠ ಹೇಳಲು ಹೋಗುತ್ತಿದ್ದರು. ದನಿ ಏರಿಸಿದಷ್ಟೂ ನಾವೂ ಏರಿಸುತ್ತಿದ್ದೆವು. ಹೆಡ್‌ಮಾಸ್ತರರು ತಟ್ಟಿಯ ಆಚೆಯಿಂದ ಎಲ್ಲ ಕೇಳುತ್ತಿದ್ದರು. ಒಂದು ದಿನ ಬಂದು ತಮ್ಮ ಬೆತ್ತವನ್ನು ಮೇಜಿನ ಮೇಲೆ ಇಟ್ಟರು.

"ಹೊಡೀರಿ ಅಕ್ಕೋರ. ಹೊಡೀಲಾರದ ಈ ಕತ್ತಿಗೋಳು ದಾರಿಗೆ ಬರಂಗಿಲ್ಲ."

"ಹೊಡೆದರೆ ನನ್ನ ಕೈಗೆ ಹೆದರಿಯಾರು ಸಾರ್. ಲೆಕ್ಕಕ್ಕೆ ಇನ್ನೂ ಹೆದರುತ್ತಾರೆ."

ಬೆತ್ತ ಮೇಜಿನ ಮೇಲೇ ಉಳಿಯಿತು. ಮಧ್ಯಾಹ್ನ ಈರಣ್ಣ ಅದನ್ನು ಮುರಿದು ಚಿಣಿಕೋಲಿನ ಆಟಕ್ಕೆ ಎರಡು ಚಿಣಿ ಮಾಡಿದ. ಹೆಡ್‌ಮಾಸ್ತರರು ಬೆತ್ತ ಕೊಟ್ಟು ತಮ್ಮ ಕರ್ತವ್ಯ ಮುಗಿಯಿತೆಂದು ಹೋದವರು ಮತ್ತೆ ಆ ಕಡೆ ಬರಲಿಲ್ಲ. ವರ್ಗದ ನಡುವೆ ಒಂದು ನಿಮಿಷ ಬಂದು ನಿಂತಿದ್ದರೂ ಸಾಕಿತ್ತು. ನಿಲ್ಲಲಿಲ್ಲ. ಗೌಡರ ಮಗನನ್ನು ಎದುರು ಹಾಕಿಕೊಳ್ಳುವ ಎದೆ ಅವರಿಗಿರಲಿಲ್ಲ, ಆ ಎದೆಗಾರಿಕೆಯನ್ನು ಅವರು ಸಂಬಳಕ್ಕೆ ಬಂದ ಹೆಣ್ಣುಮಗಳಿಂದ ಬಯಸಿದರು.

ಈ ಕಥೆ ಉಳಿದ ಅರವತ್ತು ಜನಕ್ಕೆ ಸಂಜೆ ಐದಕ್ಕೆ ಮುಗಿಯುತ್ತಿತ್ತು. ನನಗೆ ಮುಗಿಯುತ್ತಿರಲಿಲ್ಲ. ನಾನು ಬೆಳಗ್ಗೆಯಿಂದ ಮಾಡಿದ್ದನ್ನು ಸಂಜೆ ಮನೆಯಲ್ಲಿ ನೋಡಬೇಕಿತ್ತು. ಅಕ್ಕೋರು ಕಟ್ಟೆ ಏರುವ ಹೊತ್ತಿಗೆ ಅವರ ದನಿ ಹೋಗಿರುತ್ತಿತ್ತು. ನೀರು ಬೇಕೆಂದು ಕೈಸನ್ನೆ ಮಾಡುತ್ತಿದ್ದರು. ಅವ್ವ ಮೆಣಸು, ಬೆಲ್ಲ ಹಾಕಿ ಕಷಾಯ ಕುದಿಸಿ ತರುತ್ತಿದ್ದಳು.

"ದನಾ ಕಾಯೂ ಹುಡುಗರಗತೆ ದಿನಾ ಒದರಬೇಕೇನ್ರಿ? ಅಂಥಾ ಎಂಥಾ ಹುಡುಗೂರು ಅದಾವ್ರಿ ಅಲ್ಲೆ?"

ಅವ್ವ ಇದನ್ನು ಕೇಳುವಾಗ ನಾನು ಅಲ್ಲೇ ಎಮ್ಮೆಗೆ ಹೊಟ್ಟು ಹಾಕುತ್ತಿರುತ್ತಿದ್ದೆ. ಅಕ್ಕೋರು ಕಷಾಯದ ಬಟ್ಟಲಿನಿಂದ ತಲೆ ಎತ್ತುತ್ತಿರಲಿಲ್ಲ. ಉಣ್ಣಲು ಕೂತಾಗ ಅಪ್ಪ ಕೇಳುತ್ತಿದ್ದ.

"ನಮ್ಮಂವಾ ಹೆಂಗ ಅದಾನ್ರಿ ಸಾಲ್ಯಾಗ? ಏನರ ಕಿತಾಪತಿ ಮಾಡಿದ್ರ ಹೇಳ್ರಿ, ಚರ್ಮಾ ಸುಲೀತೇನಿ."

"ಇಲ್ಲ. ಲೆಕ್ಕದ ಕಡೆ ಸ್ವಲ್ಪ ಗಮನ ಕೊಡಬೇಕು ಅಷ್ಟೇ."

ಪಿಸುದನಿಯಲ್ಲಿ ಇಷ್ಟು ಹೇಳಿ ಮಜ್ಜಿಗೆ ಕುಡಿಯುತ್ತಿದ್ದರು. ಎದುರು ಕೂತ ನೀಲಾ ನನ್ನನ್ನು ಸುಟ್ಟುಬಿಡುವ ಹಾಗೆ ನೋಡುತ್ತಿದ್ದಳು. ಅವರು ಒಂದು ಸಲ ದೂರು ಹೇಳಿದ್ದರೆ, ಅಪ್ಪ ಬಾರುಕೋಲಿನಿಂದ ನಾಲ್ಕು ಬಿಟ್ಟಿದ್ದರೆ, ಲೆಕ್ಕ ಚುಕ್ತಾ ಆಗುತ್ತಿತ್ತು. ಅವರು ನನ್ನನ್ನು ಕಾಪಾಡಿದರು. ನನ್ನಂಥ ಹುಡುಗನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ. ಮರುದಿನ ಇನ್ನೂ ಜೋರಾಗಿ ಗುಂಯ್ ಅನ್ನುತ್ತಿದ್ದೆ.

ವರ್ಗದಲ್ಲಿ ಏನೂ ಕೇಳಿಸದ ಐದು ಹುಡುಗಿಯರಿಗೆ ಅಕ್ಕೋರು ಸಂಜೆ ನಮ್ಮ ಪಡಸಾಲೆಯಲ್ಲಿ ಬೇರೆ ಪಾಠ ಶುರುಮಾಡಿದರು. ನಮ್ಮೂರಿನಿಂದ ಹತ್ತನೆಯ ಪರೀಕ್ಷೆಗೆ ಕೂಡುವ ಮೊದಲ ಹೆಣ್ಣುಮಕ್ಕಳು ಅವರು. ನಪಾಸಾದರೆ ಇನ್ನೊಂದು ಸಲ ಕೂಡಿಸುವ ತಂದೆ ಅವರಲ್ಲಿ ಯಾರಿಗೂ ಇರಲಿಲ್ಲ. ನೀಲಾಳ ತಂದೆ, ಅಂದರೆ ನನ್ನ ತಂದೆ, ಅದನ್ನು ಬಾಯಿಬಿಟ್ಟೇ ಹೇಳಿದ್ದ. ಪಾಸಾದರೆ ಮುಂದೆ ಓದಿಸುವುದು, ಇಲ್ಲವಾದರೆ ಬೇಸಿಗೆಯಲ್ಲಿ ಮದುವೆ. ಆ ಪಾಠಕ್ಕೊಂದು ಬೋರ್ಡು ಬೇಕಾಯಿತು. ಕಮಿಟಿಗೆ ಕೇಳಿ ಕೇಳಿ ಅಕ್ಕೋರು ಸಾಕಾಗಿದ್ದರು. ಅವ್ವ ದನದ ಅಂಕಣದ ಹಳೆಯ ಕದವನ್ನು ಅಟ್ಟದಿಂದ ಇಳಿಸಿ ಕೊಟ್ಟಳು. ಬಡಿಗೇರ ಅದನ್ನು ತೊಪ್ಪಡಿ ಹೊಡೆದು ನುಣುಪು ಮಾಡಿದ. ನೀಲಾ ಸತ್ತ ಬ್ಯಾಟರಿ ಶೆಲ್ಲುಗಳನ್ನು ಒಡೆದು, ಒಳಗಿನ ಕಪ್ಪನ್ನು ಅರೆದು, ಮೂರು ಸಲ ಬಳಿದಳು. ಶಾಲೆಯಲ್ಲಿಲ್ಲದ ಬೋರ್ಡು ನಮ್ಮ ಪಡಸಾಲೆಯಲ್ಲಿತ್ತು.

ಆ ಹೊತ್ತಿನಲ್ಲಿ ಗಂಡುಹುಡುಗ ನಾನು ಒಳಗಿರುವಂತಿರಲಿಲ್ಲ. ಮಾಳಿಗೆ ಹತ್ತಿ ಮಲಗುತ್ತಿದ್ದೆ. ಪಡಸಾಲೆಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರ ಪಕ್ಕ ಕಿವಿ ಇಟ್ಟರೆ ಕೆಳಗಿನದೆಲ್ಲ ಕೇಳುತ್ತಿತ್ತು, ಬಗ್ಗಿದರೆ ಬೋರ್ಡೂ ಕಾಣುತ್ತಿತ್ತು. ಮೊದಮೊದಲು ಮರುದಿನ ಅಣಕಿಸಲಿಕ್ಕೆ ಏನಾದರೂ ಸಿಗಲಿ ಎಂದು ಕೇಳಿದೆ. ಅಕ್ಕೋರಿಗೆ ದನಿ ಇರುತ್ತಿರಲಿಲ್ಲವಾದ್ದರಿಂದ ಅವರು ಕಡಿಮೆ ಮಾತಾಡಿ ಹೆಚ್ಚು ಕೇಳುತ್ತಿದ್ದರು. ಒಂದು ಸಂಜೆ ಹುಡುಗಿಯರನ್ನು ಹಿತ್ತಲಿಗೆ ಕರೆದೊಯ್ದು ಬೇವಿನ ಗಿಡದ ನೆರಳು ಅಳೆಸಿದರು. ನೀಲಾಳನ್ನು ಬಿಸಿಲಿಗೆ ನಿಲ್ಲಿಸಿ ಅವಳ ಎತ್ತರವನ್ನೂ ನೆರಳನ್ನೂ ಅಳೆಸಿದರು. ಒಳಗೆ ಬಂದು ಬೋರ್ಡಿನ ಮೇಲೆ ಎರಡು ತ್ರಿಕೋನ ಬರೆದು, ಅಳತೆಗಳನ್ನು ಹಾಕಿ, "ಇದು ನೀಲಾ, ಇದು ಬೇವು. ಈಗ ಹತ್ತದೆ ಗಿಡದ ಎತ್ತರ ಹೇಳಿ" ಅಂದರು. ಹುಡುಗಿಯರು ಪೆನ್ಸಿಲು ಕಚ್ಚುತ್ತ ಕೂತರು. ಮಾಳಿಗೆಯ ಮೇಲೆ ನಾನು ಬೆರಳಿನಿಂದ ಮಣ್ಣಿನಲ್ಲಿ ಬರೆದೆ. ಉತ್ತರ ಬಂತು. ಎರಡು ಸಲ ನಪಾಸಾದ ನನಗೆ, ಹುಟ್ಟಿದ ಮೇಲೆ ಮೊದಲ ಸಲ, ಒಂದು ಲೆಕ್ಕ ಬಂತು. ನೀಲಾಳಿಗಿಂತ ಮೊದಲೇ ಬಂತು. ಕೂಗಿ ಹೇಳಬೇಕೆನಿಸಿ ಬಾಯಿ ಮುಚ್ಚಿಕೊಂಡೆ. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿರಿ. ತಿಳಿಯದೆ ಮಾಡಿದೆ ಎನ್ನುವ ಹಾಗಿಲ್ಲ ನಾನು.

ಪರೀಕ್ಷೆಗೆ ಒಂದು ತಿಂಗಳಿದ್ದಾಗ ಹೋಳಿ ಹುಣ್ಣಿಮೆ ಬಂತು. ನಮ್ಮ ಕಡೆ ಕಾಮಣ್ಣನನ್ನು ಸುಡಲು ಹುಡುಗರು ಕಟ್ಟಿಗೆ, ಸೆಗಣಿಯ ಕುಳ್ಳು ಕದಿಯುತ್ತಾರೆ. ಅದು ಕಳವಲ್ಲ, ಕಾಮಣ್ಣನ ಪಾಲು. ಆ ಐದು ದಿನ ಜನ ನೊಗ, ಏಣಿ, ಹೊರಸು ಎಲ್ಲ ಒಳಗೆ ಎಳೆದುಕೊಳ್ಳುತ್ತಾರೆ. ಹೊರಗೆ ಉಳಿದದ್ದು ಹೋದರೆ ಬಾಯಿ ಮುಚ್ಚಿಕೊಂಡಿರಬೇಕು. ಕಾಮಣ್ಣನ ಪಾಲನ್ನು ಯಾರೂ ತಿರುಗಿ ಕೇಳುವುದಿಲ್ಲ. ಕೇಳಿದವರ ಮುಂದೆ ಹುಡುಗರು ಬಾಯಿಗೆ ಕೈ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ಕೊಳ್ಳುತ್ತಾರೆ. ಅವ್ವ ಇಷ್ಟನ್ನು ಅಕ್ಕೋರಿಗೆ ಹೇಳಿದ್ದಳು. ಬೋರ್ಡನ್ನು ಪಡಸಾಲೆಯಿಂದ ಕೋಣೆಯೊಳಗೆ ತಂದು ಗೋಡೆಗೆ ಆನಿಸಿದ್ದರು. ಹುಣ್ಣಿಮೆಯ ಮಧ್ಯಾಹ್ನ ಅವ್ವ, ನೀಲಾ ಹೋಳಿಗೆಯ ಹೂರಣ ಅರೆಯುತ್ತಿದ್ದರು, ನಮಗೆ ಹಬ್ಬದ ರಜೆಯಿದ್ದರೂ ಅಕ್ಕೋರು ಪೇಪರು ತಿದ್ದಲು ಶಾಲೆಗೆ ಹೋಗಿದ್ದರು. ಈರಣ್ಣ ಹಿತ್ತಲ ಗೋಡೆಯ ಆಚೆ ನಿಂತು ಸಿಳ್ಳು ಹಾಕಿದ. ಊರಲ್ಲೆಲ್ಲ ಒಣಗಿದ ಒಳ್ಳೆಯ ಹಲಗೆ ಇರುವುದು ನಮ್ಮ ಮನೆಯಲ್ಲಿ ಎಂದು ಅವನಿಗೆ ಹೇಳಿದ್ದವನು ನಾನೇ. ಹಿತ್ತಲ ಬಾಗಿಲಿನ ಅಗಳಿ ತೆಗೆದೆ. ಈರಣ್ಣ, ಅವನ ಜೊತೆಗೆ ಬಂದ ಮೂವರು ಸೇರಿ ಬೋರ್ಡನ್ನು ಹೆಣದ ಹಾಗೆ ಹೊತ್ತುಕೊಂಡು ಹೋದರು. ಅದರ ಮೇಲೆ ಸಂಜೆಯ ಪಾಠಕ್ಕೆಂದು ಐದು ಲೆಕ್ಕ ಬರೆದಿತ್ತು. ಕೆಳಗೆ, "ನಾನು ಬರುವುದು ತಡವಾದರೆ ನೀವೇ ಶುರುಮಾಡಿರಿ" ಎಂದು.

ಬೆಳಗಿನ ಜಾವ ಕಾಮಣ್ಣನಿಗೆ ಬೆಂಕಿ ಇಟ್ಟರು. ಹಲಗಿ ಬಡಿಯುವವರ ನಡುವೆ ನಾನೂ ಕುಣಿದೆ. ಊರಿನ ಹೆಂಗಸರು ಆ ಕೆಂಡವನ್ನು ಕುಳ್ಳಿನ ಮೇಲೆ ಹಿಡಿದುಕೊಂಡು ಹೋಗಿ ಮನೆಯ ಒಲೆ ಹೊತ್ತಿಸುವುದು ಪದ್ಧತಿ. ಅವ್ವನೂ ತಂದಳು. ಅದೇ ಬೆಂಕಿಯಲ್ಲಿ ಅಕ್ಕೋರ ಸ್ನಾನಕ್ಕೆ ನೀರು ಕಾಯಿಸಿದಳು.

ಶಾಲೆ ಮತ್ತೆ ಶುರುವಾದ ದಿನ ಅಕ್ಕೋರು ನಮ್ಮೂರಿನವರು ಯಾರೂ ಮಾಡದ ಕೆಲಸ ಮಾಡಿದರು. ವರ್ಗದ ಮುಂದೆ ನಿಂತು ಕಾಮಣ್ಣನ ಪಾಲನ್ನು ತಿರುಗಿ ಕೇಳಿದರು.

"ಬೋರ್ಡು ಯಾರು ಒಯ್ದಿರೋ ಹೇಳಿ. ಶಿಕ್ಷೆ ಇಲ್ಲ. ಸುಟ್ಟಿದ್ದರೆ ಇನ್ನೊಂದು ಮಾಡಲು ನನ್ನ ಜೊತೆ ಕೈ ಹಚ್ಚಿ, ಸಾಕು."

ಅಂಥ ಮಾತನ್ನು ನಾವು ಕೇಳಿಯೇ ಇರಲಿಲ್ಲ. ಆಮೇಲೆ ಈರಣ್ಣ ಬಾಯಿಗೆ ಕೈ ತಂದ. ಅರವತ್ತು ಜನ ಹೊಯ್ಕೊಂಡೆವು. ಎಂಟು, ಒಂಬತ್ತನೆಯ ವರ್ಗದವರೂ ತಟ್ಟಿಯ ಆಚೆಯಿಂದ ಸೇರಿಕೊಂಡರು. ಸತ್ತ ಮನೆಯಲ್ಲಿ ಅತ್ತ ಹಾಗೆ ಕೇಳುವ ದನಿ ಅದು. ಅವರು ಆ ದನಿಯ ನಡುವೆ ಸೀಮೆಸುಣ್ಣ ಹಿಡಿದು ನಿಂತೇ ಇದ್ದರು. ಸಂಜೆ ಹೆಡ್‌ಮಾಸ್ತರರಿಗೆ ಅರ್ಜಿ ಬರೆದುಕೊಟ್ಟರು. ಅದರಲ್ಲಿ ಕಳವು ಎಂಬ ಪದ ಇತ್ತು.

ಎರಡು ದಿನ ಬಿಟ್ಟು ಬೆಳಿಗ್ಗೆ ಕಮಿಟಿ ನಮ್ಮ ಪಡಸಾಲೆಯಲ್ಲಿ ಕೂಡಿತು. ಕಂಬಳಿ ಹಾಸಿ, ಎಲೆ ಅಡಿಕೆ ತಾಟು ಇಟ್ಟರು. ಗೌಡರು ಅರ್ಜಿಯನ್ನು ತಿರುವಿ ತಿರುವಿ ನೋಡಿದರು.

"ಕಾಮಣ್ಣನ ಪಾಲಿಗೆ ಕಳವು ಅಂತ ಬರದಾರಲ್ರಿ ಮಾಸ್ತರ! ನಮ್ಮಪ್ಪನ ಹೊಸಾ ನೊಗಾ ಒಯ್ದಿದ್ರು, ಅಂವಾ ಪಿಟ್ಟ್ ಅಂದಿದ್ದಿಲ್ಲ."

"ಹೊರಗಿನವರ್ರಿ ಗೌಡ್ರ, ತಿಳೀಲಾರದ ಬರದಾರ್ರಿ," ಅಂದರು ಹೆಡ್‌ಮಾಸ್ತರರು.

"ತಿಳೀಲಾರದವರು ನಮ್ಮ ಹುಡುಗೂರಿಗೆ ಏನ್ ತಿಳಸ್ತಾರ್ರಿ?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅಕ್ಕೋರು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ದನಿ ಅರ್ಧ ಮಾತ್ರ ಇತ್ತು.

"ಅರ್ಜಿ ಹಿಂದೆ ತೆಗೆದುಕೊಳ್ಳುತ್ತೇನೆ. ಬೋರ್ಡೂ ಬೇಡ. ಪರೀಕ್ಷೆ ಮುಗಿಯುವ ತನಕ ಇರಲು ಬಿಡಿ. ಐದು ಹುಡುಗಿಯರಿಗೆ ರೇಖಾಗಣಿತ ಅರ್ಧ ಉಳಿದಿದೆ. ಒಂದೇ ತಿಂಗಳು. ಆಮೇಲೆ ನಾನಾಗಿಯೇ ಹೋಗುತ್ತೇನೆ."

ಗೌಡರು ಕೆಟ್ಟವರಲ್ಲ ಎಂದು ಊರು ಹೇಳುತ್ತಿತ್ತು. ಆ ಮಾತಿಗೆ ಅವರು ಸ್ವಲ್ಪ ಮೆತ್ತಗಾದದ್ದನ್ನು ನಾನು ಕಣ್ಣಾರೆ ನೋಡಿದೆ. ಗಡ್ಡ ತುರಿಸಿಕೊಂಡು ಸುತ್ತ ನೋಡಿದರು. ಮೆಟ್ಟಿಲ ಮೇಲೆ ನಾನು ಕೂತಿದ್ದೆ.

"ಬಾರಲೇ ತಮ್ಮಾ. ನಿನ್ನ ವರ್ಗಕ್ಕ ಕಲಸ್ತಾರ, ನಿನ್ನ ಮನ್ಯಾಗ ಇರ್ತಾರ. ನಿನ್ನಷ್ಟು ಯಾರಿಗೂ ಗೊತ್ತಿಲ್ಲ. ಖರೆ ಹೇಳು, ಇವರಿಗೆ ಕಲಸಾಕ ಬರ್ತೈತೋ ಇಲ್ಲೋ?"

ಅಡಿಗೆಮನೆಯ ಬಾಗಿಲಲ್ಲಿ ನೀಲಾ ಇದ್ದಳು. ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. ತಲೆಯ ಮೇಲೆ ಬೆಳಕಿಂಡಿ ಇತ್ತು.

"ಬರಂಗಿಲ್ರಿ," ಅಂದೆ. "ಅವರು ಹೇಳೂದು ನನಗ ಒಂದೂ ತಿಳಿಯಂಗಿಲ್ರಿ."

ಆ ವಾರದೊಳಗೆ ಬಿಟ್ಟು ಹೋಗಬೇಕೆಂದು ಠರಾವಾಯಿತು. ಎಲೆ ಅಡಿಕೆ ಹಾಕಿಕೊಂಡು ಎದ್ದರು. ಅಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ನಡೆದಂಥ ಜಗಳ ಹಿಂದೆಂದೂ ನಡೆದಿರಲಿಲ್ಲ. ಅವ್ವ ಅಪ್ಪನ ಎದುರು ದನಿ ಎತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಒಬ್ಬ ಹೆಣ್ಮಗಳ ಅನ್ನಾ ಕಸಗೊಳ್ಳಾಕ ಐದು ಮಂದಿ ಗಂಡಸರು ಕಂಬಳಿ ಹಾಸ್ಕೊಂಡು ಕುಂತ್ರೇನು? ನಿಮ್ಮ ಮಗಳೂ ಆ ಐದರಾಗ ಒಬ್ಬಾಕಿ ಅನ್ನೂದು ಮರ್ತೀರೇನು?"

"ಊರ ಮಾತೇ ಅದು. ನಾ ಒಬ್ಬಾಂವ ಏನ್ ಮಾಡ್ಲಿ?"

"ಊರಂದ್ರ ಯಾರು? ನೀವಲ್ಲ?"

ಅಪ್ಪ ಪಟಗ ಸುತ್ತಿಕೊಂಡು ಹೊಲಕ್ಕೆ ಹೋದ. ಅವ್ವ ಆಮೇಲೆ ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ.

"ಹಿತ್ತಲ ಅಗಳಿ ಹೊರಗಿಂದ ತಗಿಯಾಕ ಬರಂಗಿಲ್ಲಲೇ," ಅಂದಳು ಮೆಲ್ಲಗೆ. "ನಾ ಹೆತ್ತ ಮಗಾ ಅಂತ ಬಾಯಿ ಮುಚ್ಚೇನಿ. ಅಕ್ಕೋರಿಗೂ ಗೊತ್ತೈತಿ. ಅವರ್ಯಾಕ ಮುಚ್ಚ್ಯಾರೋ, ನೀನ ತಿಳಕೋ."

ಟ್ರಂಕನ್ನು ಹೊತ್ತು ಅವರನ್ನು ಬಸ್ಸಿಗೆ ಹತ್ತಿಸಿ ಬರಲು ಅವ್ವ ನನಗೇ ಹೇಳಿದಳು. ನಮ್ಮೂರಿನಿಂದ ಬಸ್ ರಸ್ತೆಗೆ ಅರ್ಧ ತಾಸಿನ ದಾರಿ. ಹಿಂದೆ ಅಕ್ಕೋರು, ಮುಂದೆ ನಾನು. ಕಡಲೆ ಕಿತ್ತ ಹೊಲಗಳಲ್ಲಿ ಬಿರುಕು ಬಿಟ್ಟಿತ್ತು. ರಸ್ತೆಗೆ ಬಂದು ಟ್ರಂಕು ಇಳಿಸಿದೆ, ಅವರು ಅದರ ಮೇಲೆ ಕೂತರು. ಬಸ್ಸು ತಡವಾಯಿತು. ಸುತ್ತ ಯಾರೂ ಇರಲಿಲ್ಲ. ತಪ್ಪಾಯಿತು ಅನ್ನಲು ದೇವರು ಒಬ್ಬ ಮನುಷ್ಯನಿಗೆ ಇದಕ್ಕಿಂತ ಹೆಚ್ಚು ಅನುಕೂಲ ಮಾಡಿಕೊಡಲಾರ. ನಾನು ಕಾಲಿನಿಂದ ಒಂದು ಹೆಂಟೆ ಒಡೆಯುತ್ತ ನಿಂತೆ. ಅವರೇ ಮಾತಾಡಿದರು.

"ಒಂದು ಕೇಳುತ್ತೇನೆ. ಬೈಯಲಿಕ್ಕಲ್ಲ."

"ಕೇಳ್ರಿ."

"ಅವತ್ತು ಹಿರಿಯರ ಮುಂದೆ ಹೇಳಿದೆಯಲ್ಲ, ನನಗೆ ಕಲಿಸಲು ಬರುವುದಿಲ್ಲ ಅಂತ. ನೀನು ಮಾಳಿಗೆಯ ಮೇಲಿಂದ ಕೇಳುತ್ತಿದ್ದೆ, ನನಗೆ ಗೊತ್ತು. ವರ್ಗದಲ್ಲೂ ಕೇಳಿದ್ದೀಯ, ಅಲ್ಲೂ ಕೇಳಿದ್ದೀಯ. ಅದಕ್ಕೇ ನಿನ್ನನ್ನೇ ಕೇಳುತ್ತಿದ್ದೇನೆ. ನಿಜವಾಗಿ ಬರುವುದಿಲ್ಲವೇನು? ಎಲ್ಲಿ ತಪ್ಪುತ್ತೇನೆ ಹೇಳು. ಮುಂದೆ ಎಲ್ಲಾದರೂ ಕೆಲಸ ಸಿಕ್ಕರೆ ತಿದ್ದಿಕೊಳ್ಳುತ್ತೇನೆ."

ಚುಚ್ಚುವುದಕ್ಕೆ ಕೇಳಿದ್ದಲ್ಲ ಅದು. ಅವರ ಮುಖ ನೋಡಿದ್ದೇನೆ, ಇವತ್ತೂ ಕಾಣುತ್ತದೆ. ಒಂದು ವರ್ಷ ಅರವತ್ತು ಜನ ಸೇರಿ ಆ ಸಂಶಯವನ್ನು ಅವರೊಳಗೆ ಇಟ್ಟಿದ್ದೆವು, ನನ್ನ ಸಾಕ್ಷಿಯಿಂದ ಅದು ಬೇರು ಬಿಟ್ಟಿತ್ತು. ತಿಳಿದವನೊಬ್ಬನಿಂದ ಉತ್ತರ ಬೇಕಾಗಿತ್ತು ಅವರಿಗೆ. ದೂರದಲ್ಲಿ ಧೂಳು ಎದ್ದಿತು.

"ಬಸ್ ಬಂತ್ರಿ," ಅಂದೆ.

ಟ್ರಂಕನ್ನು ಮೇಲೆ ಏರಿಸಿದೆ. ಅವರು ಕಿಟಕಿಯ ಬಳಿ ಕೂತು ಸೆರಗು ಹೊದ್ದುಕೊಂಡರು. ಬಸ್ಸು ಹೋಯಿತು.

ಆ ತಿಂಗಳು ಗಣಿತಕ್ಕೆ ಯಾರೂ ಬರಲಿಲ್ಲ. ಐದು ಹುಡುಗಿಯರಲ್ಲಿ ಇಬ್ಬರು ಪಾಸಾದರು. ನೀಲಾ ಗಣಿತದಲ್ಲಿ ಹೋದಳು. ಬೇಸಿಗೆಯಲ್ಲಿ ಅವಳನ್ನು ಅಣ್ಣಿಗೇರಿಯ ಕಡೆ ಕೊಟ್ಟು ಮದುವೆ ಮಾಡಿದರು. ನಾನು ಪಾಸಾದೆ. ಹೇಗೆ ಅಂದರೆ, ಪರೀಕ್ಷೆಯ ಕೋಣೆಯ ಕಿಟಕಿಯಿಂದ ಈರಣ್ಣನ ಮನೆಯ ಆಳು ಎಸೆದ ಚೀಟಿಗಳಿಂದ. ನನ್ನ ಇಡೀ ವಿದ್ಯೆ ಎಂದರೆ ಆ ಹತ್ತನೆಯ ವರ್ಗದ ಕಾಗದ. ಅದನ್ನು ತೋರಿಸಿ ಸೊಸೈಟಿಯಲ್ಲಿ ನೌಕರಿ ಹಿಡಿದೆ, ಮನೆ ಕಟ್ಟಿದೆ, ಮಂದಿಯಿಂದ ಸಾಹೇಬ್ರ ಅನ್ನಿಸಿಕೊಂಡೆ. ಅವತ್ತಿನ ಪ್ರಶ್ನೆಪತ್ರಿಕೆಯಲ್ಲಿ ಕಂಬದ ನೆರಳಿನದೊಂದು ಲೆಕ್ಕ ಇತ್ತು. ಅದಕ್ಕೆ ಮಾತ್ರ ನಾನು ಚೀಟಿ ನೋಡಲಿಲ್ಲ.

ನೀಲಾಳ ಮುಂದೆ ಎಲ್ಲವನ್ನೂ ಹೇಳಿ ಅತ್ತದ್ದು ಮೂರು ವರ್ಷದ ಹಿಂದೆ. ಅವಳು ಮೊಮ್ಮಗನಿಗೆ ಅನ್ನ ಕಲಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಇದೇನ್ ಹೊಸಾ ಸುದ್ದಿ ಹೇಳ್ತೀಯೋ ಅಣ್ಣಾ? ಆ ಬಾಗಲಾ ಯಾರ್ ತಗದ್ರು ಅನ್ನೂದು ನಮ್ಮ ಎಮ್ಮಿಗೂ ಗೊತ್ತಿತ್ತು. ನಿನ್ನ ಬೈದು ಬೈದು ನನ್ನ ಬಾಯಿ ಎಂದೋ ದಣದೈತಿ. ನನ್ನ ಮುಂದ ಅತ್ತು ಏನ್ ಮಾಡ್ತಿ? ಹೇಳಬೇಕಾದವರಿಗೆ ಹೇಳೀಯೇನು?"

ಹೇಳಿಲ್ಲ. ಹುಡುಕಿದೆ, ಸಿಗಲಿಲ್ಲ ಎಂದು ಸುಳ್ಳು ಬರೆಯಲಾರೆ, ಹುಡುಕಲಿಲ್ಲ. ಅಂಕೋಲೆ ಇಲ್ಲಿಂದ ಅರ್ಧ ದಿನದ ದಾರಿ. ಮದುವೆ, ಮುಂಜಿ ಅಂತ ಎರಡು ಸಲ ಆ ಊರಿನ ಮೇಲೆಯೇ ಹೋಗಿದ್ದೇನೆ. ಎರಡು ಸಲವೂ ಬಸ್ಸು ಅಲ್ಲಿ ಚಹಾಕ್ಕೆ ನಿಂತಿತು. ಎರಡು ಸಲವೂ ನಾನು ಕೆಳಗೆ ಇಳಿಯಲಿಲ್ಲ. ಅವರು ಮತ್ತೆ ಎಲ್ಲಾದರೂ ಸೀಮೆಸುಣ್ಣ ಹಿಡಿದರೋ, ನನ್ನ ಮಾತನ್ನು ನಂಬಿ ಬಿಟ್ಟೇಬಿಟ್ಟರೋ ನನಗೆ ಗೊತ್ತಿಲ್ಲ. ಇದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ. ಬಸ್ಸು ಬಂತೆಂದು ನಾನು ನುಂಗಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕಲಿಸಲು ಬರುತ್ತಿತ್ತು. ನೀವು ಎಲ್ಲಿಯೂ ತಪ್ಪಿರಲಿಲ್ಲ. ಬೇವಿನ ಗಿಡದ ಎತ್ತರ ನನಗೆ ಅವತ್ತೇ ಬಂದಿತ್ತು, ರತ್ನಮಾಲಾ ಗಾಂವಕರ ಅಕ್ಕೋರೇ.